ಹೆಬ್ಬೆರಳಿಗೆ ಕಟ್ಟಿದ ತಂಪು

ಮುಚ್ಚಳ ತೆಗೆಯಲು ಬರುವ ಯಾವ ವಸ್ತುವನ್ನಾದರೂ ಮನುಷ್ಯ ತಾನೇ ರಿಪೇರಿ ಮಾಡಿಕೊಳ್ಳಬಹುದು ಎಂಬುದು ಮಲ್ಲತ್ತಹಳ್ಳಿಯ ಹನುಮಂತಯ್ಯನವರ ನಂಬಿಕೆ. ಈ ನಂಬಿಕೆಯ ಗುರುತುಗಳು ಅವರ ಮನೆಯ ತುಂಬ ಇದ್ದವು. ಗೋಡೆ ಗಡಿಯಾರ ಮುಂಜಾನೆ ಆರಕ್ಕೆ ಹನ್ನೊಂದು ಹೊಡೆದು, ಆಮೇಲೆ ಸಂಜೆಯವರೆಗೂ ಮಾತಿಲ್ಲದೆ ಕೂರುತ್ತಿತ್ತು. ಬಾವಿಯ ರಾಟೆ ಕೊಡ ಇಳಿಯುವಾಗ ಸುಮ್ಮನಿದ್ದು ಏರುವಾಗ ಹೆರಿಗೆಯ ನೋವು ತಿನ್ನುವ ಹಾಗೆ ಕೂಗುತ್ತಿತ್ತು. ಪ್ರತಿ ರಿಪೇರಿಯ ಕೊನೆಯಲ್ಲೂ ಮೂರೋ ನಾಲ್ಕೋ ತಿರುಪು ಮೊಳೆಗಳು ಉಳಿಯುತ್ತಿದ್ದವು. ಹನುಮಂತಯ್ಯ ಅವನ್ನು ಒಂದು ಕುಡಿಕೆಯಲ್ಲಿ ಹಾಕಿಡುತ್ತಿದ್ದರು. "ಮಾಡಿದೋರು ಹೆಚ್ಚಿಗೆ ಹಾಕಿರ್ತಾರೆ ಕಣೇ" ಎಂದು ಹೆಂಡತಿ ನರಸಮ್ಮನಿಗೆ ಹೇಳುತ್ತಿದ್ದರು. ಕುಡಿಕೆ ತುಂಬುತ್ತ ಬಂದಿತ್ತು.

ಹೊಸದಾಗಿ ಎದ್ದ ರಾಜಾಜಿನಗರದ ಬಡಾವಣೆಗೆ ಅವರ ತಾಯಿಯ ಕಡೆಯ ರಾಗಿ ಹೊಲ ಹೋಗಿ ಪರಿಹಾರ ಬಂದ ವರ್ಷ ಹನುಮಂತಯ್ಯ ಒಂದು ಕಾರು ಕೊಂಡರು. ದಂಡಿನಲ್ಲಿದ್ದ ಯಾವನೋ ಇಂಗ್ಲಿಷ್ ದೊರೆ ಸ್ವದೇಶಕ್ಕೆ ಹೊರಡುವಾಗ ಬಿಟ್ಟುಹೋಗಿ, ಆಮೇಲೆ ಐದಾರು ಕೈ ದಾಟಿದ ಕರೀ ಕಾರು ಅದು. ಅದರ ಎಡಗಡೆಯ ಹಿಂದಿನ ಕಿಟಕಿಗೆ, ಹೊರಮಗ್ಗುಲಲ್ಲಿ, ಸೀಮೆಣ್ಣೆ ಪೀಪಾಯಿಯನ್ನು ಅಡ್ಡ ಮಲಗಿಸಿದ ಹಾಗೆ ಒಂದು ತಗಡಿನ ಡಬ್ಬ ನೇತುಬಿದ್ದಿತ್ತು. ಅದು ತಂಪು ಗಾಳಿಯ ಮಿಷನ್ನು. ಡಬ್ಬಕ್ಕೆ ನೀರು ತುಂಬಿ, ಕಾರಿನೊಳಗೆ ಕೂತವರು ಒಂದು ಹುರಿ ಎಳೆದರೆ ಒಳಗಿನ ನಾರಿನ ಸುರುಳಿ ನೆನೆಯಬೇಕು. ಕಾರು ಓಡುವಾಗ ಮುಂದಿನ ಬಾಯಿಂದ ನುಗ್ಗಿದ ಗಾಳಿ ಒದ್ದೆ ನಾರನ್ನು ಹಾದು ತಣ್ಣಗಾಗಿ ಒಳಗೆ ಬರಬೇಕು. ಹನುಮಂತಯ್ಯ ಕೊಂಡಾಗ ಅದರೊಳಗೆ ಇಲಿ ಮರಿ ಹಾಕಿತ್ತು. ಪೇಟೆಯ ಮೆಕ್ಯಾನಿಕ್ಕು ನೋಡಿ, "ಕಿತ್ತು ಬಿಸಾಕಿ ಯಜಮಾನ್ರೆ" ಎಂದಿದ್ದ. ಡಬ್ಬಕ್ಕೆ ಮುಚ್ಚಳ ಇದ್ದದ್ದರಿಂದ ಹನುಮಂತಯ್ಯ ಬಿಸಾಕಲಿಲ್ಲ.

ಆ ವೈಶಾಖದಲ್ಲಿ ಅವರ ಮಗಳು ಪುಟ್ಟಲಕ್ಷ್ಮಿಯ ಮದುವೆ ನಿಶ್ಚಯವಾಗಿರದಿದ್ದರೆ ಆ ಡಬ್ಬ ಹಾಗೆಯೇ ನೇತಾಡಿಕೊಂಡಿರುತ್ತಿತ್ತೋ ಏನೋ. ಗಂಡು ಕೆಂಗೇರಿಯದು. ಬೀಗರು ಅಂಜಿನಯ್ಯನವರು ಒಳ್ಳೆಯವರು, ಆದರೆ ಶಾಸ್ತ್ರದವರು. "ನಮಗೆ ಬೇರೇನೂ ಬೇಡ. ಹೆಣ್ಣಿನ ಸೋದರಮಾವ ಬಂದು ಬಾಸಿಂಗ ಕಟ್ಟಿ, ಅವರೇ ಕೈಹಿಡಿದು ಹಸೆಗೆ ಕರ್ಕೊಂಡು ಬರ್ಬೇಕು. ಅದೊಂದು ತಪ್ಪಿದ್ರೆ ನಮ್ಮ ಗಾಡಿಗಳು ಬಂದ ದಾರೀಲೇ ವಾಪಸ್ಸು" ಎಂದು ಒಪ್ಪಿಗೆಯ ದಿನವೇ ಹೇಳಿದ್ದರು.

ಸೋದರಮಾವ ಇದ್ದರು. ನರಸಮ್ಮನ ಅಣ್ಣ, ಲಗ್ಗೆರೆಯ ದೊಡ್ಡಣ್ಣ. ಆದರೆ ಅವರು ಮಲ್ಲತ್ತಹಳ್ಳಿಗೆ ಕಾಲಿಟ್ಟು ಹದಿನಾಲ್ಕು ವರ್ಷವಾಗಿತ್ತು. ಪುಟ್ಟಲಕ್ಷ್ಮಿಗೆ ಕಿವಿ ಚುಚ್ಚಿದ ದಿನ ಮಗು ದೊಡ್ಡಣ್ಣನವರ ತೊಡೆಯ ಮೇಲಿತ್ತು. ಬಲಗಿವಿ ಚುಚ್ಚಿದ್ದಾಯಿತು. ಮಗುವಿನ ಅಳು ನಿಲ್ಲಲಿ ಎಂದು ಎಲ್ಲರೂ ಕಾಯುತ್ತಿದ್ದಾಗ, ಹೊತ್ತು ಕಳೆಯಬೇಕಲ್ಲ ಎಂದು ಹನುಮಂತಯ್ಯ ತಾಂಬೂಲದ ತಟ್ಟೆ ಎತ್ತಿದರು. ಬಾಗಿಲ ಹತ್ತಿರ ಪಟೇಲ ಕೆಂಪಯ್ಯ ಕೂತಿದ್ದರು. ಹತ್ತಿರವಿದ್ದಾರೆ ಎಂದು ಮೊದಲ ವೀಳ್ಯವನ್ನು ಅವರ ಕೈಗೇ ಕೊಟ್ಟರು. ಸೋದರಮಾವನಿಗೆ ಸಲ್ಲಬೇಕಾದ ಮೊದಲ ವೀಳ್ಯ ಪಟೇಲರಿಗೆ ಸಂದಿತು. ದೊಡ್ಡಣ್ಣ ಮಗುವನ್ನು ಚಾಪೆಯ ಮೇಲೆ ಇಳಿಸಿ, ರುಮಾಲು ಸುತ್ತಿಕೊಂಡು ಎದ್ದು ಹೋದರು. ಎಡಗಿವಿಯನ್ನು ಪಟೇಲರ ತೊಡೆಯ ಮೇಲೆ ಚುಚ್ಚಬೇಕಾಯಿತು. ಆ ಕಿವಿಯ ತೂತು ಇವತ್ತಿಗೂ ಒಂದು ಕೂದಲೆಳೆ ಕೆಳಗಿದೆ ಎಂದು ಲಗ್ಗೆರೆಯಲ್ಲಿ ಹೇಳುತ್ತಾರೆ.

ಹನುಮಂತಯ್ಯ ಮೂರು ಸಲ ಹೋಗಿ ಕರೆದರು. ಮೂರನೆಯ ಸಲ ದೊಡ್ಡಣ್ಣ ಬೇಡ ಎನ್ನಲಿಲ್ಲ. ತಂಗಿಯ ಮಗಳ ಮದುವೆಗೆ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಲು ಅವರಿಗೂ ಮನಸ್ಸಿರಲಿಲ್ಲ.

"ಬರಬಾರ್ದು ಅಂತಲ್ಲ ಹನುಮಂತಯ್ಯ. ಈ ಬಿಸಿಲಲ್ಲಿ ಗಾಡೀಲಿ ಕೂತು ಬರೋಕೆ ನನ್ನ ಕೈಲಾಗಲ್ಲ. ನಂದು ಪಿತ್ತದ ಮೈ."

"ಕಾರಿದೆ ಭಾವ."

"ಕಾರು ಅಂದ್ರೆ ಮುಚ್ಚಿಟ್ಟ ಒಲೆ. ಕುದ್ದುಹೋಗ್ತೀನಿ."

"ತಂಪು ಗಾಳಿ ಮಿಷನ್ ಇದೆ ಭಾವ. ವೈಶಾಖದಲ್ಲೂ ಮಾಗಿ ಚಳಿ."

ನೆಪ ಹೇಳುವವನು ಯಾವಾಗಲೂ ಎರಡು ನೆಪ ಇಟ್ಟುಕೊಂಡಿರಬೇಕು. ದೊಡ್ಡಣ್ಣ ಒಂದನ್ನೇ ತಂದಿದ್ದರು. ಕೊನೆಗೆ, "ಆಗ್ಲಿ. ದಾರೀಲಿ ಒಂದು ಹನಿ ಬೆವರು ಬಂತೋ, ಅಲ್ಲೇ ಇಳಿದು ವಾಪಸ್ ಬರ್ತೀನಿ" ಎಂದರು.

ಹೀಗಾಗಿ ಪುಟ್ಟಲಕ್ಷ್ಮಿಯ ಮದುವೆ ಆ ತಗಡಿನ ಡಬ್ಬದ ಮೇಲೆ ಬಂದು ನಿಂತಿತು.

ಹನುಮಂತಯ್ಯ ಮುಚ್ಚಳ ತೆಗೆದರು. ಇಲಿಯ ಸಂಸಾರವನ್ನು ಹುಲ್ಲಿನ ಮೆದೆಗೆ ಕಳಿಸಿದರು. ಕೊಳೆತ ನಾರು ಕಿತ್ತು, ಗ್ರಂದಿಗೆ ಅಂಗಡಿಯಿಂದ ಲಾವಂಚ ತಂದು ಸಿಂಬಿಯ ಹಾಗೆ ಸುತ್ತಿ ತುರುಕಿದರು. ತೂತುಗಳಿಗೆ ಅರಗು ಕಾಸಿ ಮೆತ್ತಿದರು. ಹರಿದ ದಾರದ ಬದಲು ಸೆಣಬಿನ ಹುರಿ ಹಾಕಿದರು. ಐದು ತಿರುಪು ಮೊಳೆ ಉಳಿದವು. ಪರೀಕ್ಷೆಗೆ ನರಸಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಕೆರೆಯ ಅಂಗಳದಲ್ಲಿ ಒಂದು ಸುತ್ತು ಹಾಕಿ, "ಎಳಿಯೇ" ಎಂದರು. ನರಸಮ್ಮ ಎಳೆದರು. ಡಬ್ಬದ ನೀರಷ್ಟೂ ಒಳಗೆ ಬಂತು.

ನರಸಮ್ಮ ಸೆರಗು ಹಿಂಡುತ್ತ ಇಳಿದರು. "ಇದಕ್ಕೆ ಕಾರು ಯಾಕೆ? ಬಚ್ಚಲಲ್ಲಿ ಕೂರಿಸಿ ಎರಡು ಚೊಂಬು ಹುಯ್ದಿದ್ರೆ ಸಾಕಾಗಿತ್ತು."

ಹನುಮಂತಯ್ಯ ಯೋಚಿಸಿ, ಡಬ್ಬ ಕಾರಿನೊಳಕ್ಕೆ ತೆರೆಯುವ ಬಾಯಿಯನ್ನು ಅರಗಿನಿಂದ ಪೂರಾ ಮುಚ್ಚಿಬಿಟ್ಟರು. ಈಗ ಹುರಿ ಎಳೆದರೆ ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ. ನೀರು ಮುಂದಿನ ಬಾಯಿಂದ ಹೊರಕ್ಕೆ ಹೋಗುತ್ತಿತ್ತು. ಗಾಳಿಯೂ ಒಳಗೆ ಬರುತ್ತಿರಲಿಲ್ಲ ಎಂಬುದು ನಿಜ. ಆದರೆ ರಿಪೇರಿಯಲ್ಲಿ ಎಲ್ಲವನ್ನೂ ಒಂದೇ ಸಲ ಬಯಸಬಾರದು.

ತಂಪಿಗೆ ಅವರು ಬೇರೆ ದಾರಿ ಹುಡುಕಿದರು. ಮದುವೆಯ ದಿನ ಬೆಳಗಿನ ಜಾವವೇ ಕಾರು ಹೊರಡಿಸಿ, ರಾಜಾಜಿನಗರದ ಹೊಸ ಕಾರ್ಖಾನೆಗಳ ನಡುವೆ ಇದ್ದ ಐಸಿನ ಮನೆಯಿಂದ ಒಂದು ದೊಡ್ಡ ಗಡ್ಡೆ ಕೊಂಡರು. ಮರದ ಹೊಟ್ಟು ಹಾಕಿ, ಬಿಳೀ ಪಂಚೆಯಲ್ಲಿ ಸುತ್ತಿ, ಮಂಕರಿಯಲ್ಲಿಟ್ಟು ಹಿಂದಿನ ಸೀಟಿನ ಕೆಳಗೆ ನೂಕಿದರು. ತಂಪು ಓಡಿಹೋಗದಿರಲಿ ಎಂದು ಗಾಜುಗಳನ್ನೆಲ್ಲ ಏರಿಸಿದರು. ಮಿಷನ್ನಿನಿಂದಲೇ ತಂಪು ಬರುತ್ತಿದೆ ಎಂದು ಭಾವ ತಿಳಿದರೆ ಸಾಕು.

ಲಗ್ಗೆರೆಯಲ್ಲಿ ದೊಡ್ಡಣ್ಣ ಕಾರಿನೊಳಗೆ ತಲೆ ತೂರಿಸಿ, ಹೊರಗೆ ತೆಗೆದು, ಮತ್ತೆ ತೂರಿಸಿದರು. ತಣ್ಣಗಿತ್ತು. ಬೇರೆ ಗತಿಯಿಲ್ಲದೆ ಹತ್ತಿ, ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿದರು.

"ಈ ಹುರಿ ಆಗಾಗ ಎಳೀತಿರಿ ಭಾವ. ಮಿಷನ್ ನಡೀತದೆ" ಎಂದರು ಹನುಮಂತಯ್ಯ.

"ನಾನ್ಯಾಕೆ ಕೈಲಿ ಎಳೀಲಿ? ಇಪ್ಪತ್ತು ವರ್ಷ ನೀರೆತ್ತೋ ಏತ ತುಳಿದ ಕಾಲಿದು. ಕಾಲಿಗೆ ಕಟ್ಟು."

ಹನುಮಂತಯ್ಯ ಹುರಿಯನ್ನು ಭಾವನ ಹೆಬ್ಬೆರಳಿಗೆ ಕಟ್ಟಿದರು. ಒಂದಕ್ಕೇ ಕಟ್ಟಿದರೆ ಜಾರುತ್ತದೆಂದು ಎರಡೂ ಹೆಬ್ಬೆರಳು ಸೇರಿಸಿ ಬಿಗಿಯಾಗಿ ಗಂಟು ಹಾಕಿದರು. ದೊಡ್ಡಣ್ಣ ಎರಡು ಸಲ ಜಗ್ಗಿ ನೋಡಿದರು. ಹೊರಗೆ ನೀರು ಸುರಿದ ಸದ್ದಾಯಿತು. ಸಮಾಧಾನವಾಗಿ, ಹೆಗಲ ಮೇಲಿನ ಬಿಳೀ ವಲ್ಲಿಯನ್ನು ತೆಗೆದು ಮುಖದ ಮೇಲೆ ಹೊದ್ದುಕೊಂಡರು. ಕಾರು ಊರು ದಾಟುವ ಮೊದಲೇ, ಮಾಗಿಯಂಥ ಆ ತಂಪಿನಲ್ಲಿ, ಅವರಿಗೆ ಗಾಢ ನಿದ್ದೆ ಹತ್ತಿತು.

ಒಳಗೆ ತಂಪಾದಷ್ಟೂ ಮುಂದೆ ಎಂಜಿನ್ನು ಕುದಿಯಿತು. ಮಾಗಡಿ ರಸ್ತೆಯ ಸುಂಕದ ಗೇಟಿನ ಹತ್ತಿರ ಅದು ಹೊಗೆ ಬಿಟ್ಟು ನಿಂತಿತು. ಗೇಟಿನ ಗುಮಾಸ್ತ ಪದ್ಮನಾಭಯ್ಯನವರು ಹೊರಗೆ ಬಂದರು. ಪೇಟೆಗೆ ಬರುವ ಸಾಮಾನಿಗೆ ಸುಂಕ ಹಾಕುವುದು ಅವರ ಕೆಲಸ. ಪೇಟೆಯಿಂದ ಹೋಗುವ ವಾಹನ ನೋಡುವ ಅಧಿಕಾರ ಅವರಿಗಿರಲಿಲ್ಲ. ಆದರೆ ಹೊತ್ತು ಇತ್ತು.

"ಏನ್ರೀ ಒಳಗಡೆ?"

ಹನುಮಂತಯ್ಯ ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ ಸ್ವಾಮಿ. ನಮ್ಮ ಭಾವ ಇದಾರೆ."

ಪದ್ಮನಾಭಯ್ಯ ಗಾಜಿನ ಮೇಲೆ ಕೈಯಿಟ್ಟರು. ವೈಶಾಖದ ಹತ್ತು ಗಂಟೆಯಲ್ಲಿ ಗಾಜು ತಣ್ಣಗಿತ್ತು. ಬಾಗಿಲ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಂಜು ಒರೆಸಿ ಒಳಗೆ ನೋಡಿದರು. ಒಬ್ಬ ದೊಡ್ಡ ಮನುಷ್ಯ ಉದ್ದಕ್ಕೆ ಮಲಗಿದ್ದರು. ಮುಖದ ಮೇಲೆ ಬಿಳೀ ಬಟ್ಟೆ. ಕಾಲಿನ ಹೆಬ್ಬೆರಳು ಎರಡೂ ಕೂಡಿಸಿ ಹುರಿಯಲ್ಲಿ ಕಟ್ಟಿತ್ತು. ಹೆಬ್ಬೆರಳು ಕೂಡಿಸಿ ಯಾರಿಗೆ ಕಟ್ಟುತ್ತಾರೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪದ್ಮನಾಭಯ್ಯ ಟೋಪಿ ತೆಗೆದರು.

"ಐಸ್ ಇಟ್ಟಿದೀರಾ?"

"ಹೌದು ಸ್ವಾಮಿ. ಅವರಿಗೆ ಗೊತ್ತಿಲ್ಲ."

"ಅವರಿಗೆ ಇನ್ನೇನು ಗೊತ್ತಾಗುತ್ತೆ ಪಾಪ. ಯಾವಾಗ ಆಯ್ತು?"

"ಲಗ್ಗೆರೆ ದಾಟ್ತಿದ್ದ ಹಾಗೇ. ಮಾತಾಡ್ತಾ ಮಾತಾಡ್ತಾನೇ ಹಾಗೇ ತಲೆ ವಾಲಿಸಿಬಿಟ್ರು."

"ಪುಣ್ಯವಂತರು."

"ನಮಗೆಲ್ಲಿ ಬರುತ್ತೆ ಸ್ವಾಮಿ ಆ ಭಾಗ್ಯ? ಇವತ್ತು ಮಲ್ಲತ್ತಹಳ್ಳೀಲಿ ಮಗಳ ಮದುವೆ. ಇವರು ಬರದಿದ್ರೆ ಹಸೆಗೇ ಕೂರಿಸಲ್ಲ ಅಂದಿದಾರೆ ಬೀಗರು."

ಪದ್ಮನಾಭಯ್ಯ ಕಾರಿನ ಕಡೆ ಕೈ ತೋರಿಸಿದರು. "ಹೀಗಾದ್ರೂ ತರ್ಬೇಕು ಅಂತಾರಾ?"

"ಹೇಗಾದ್ರೂ ತರ್ಬೇಕು ಅಂತಾರೆ."

ಇಂಥ ಬೀಗರನ್ನು ಗುಮಾಸ್ತರು ತಮ್ಮ ಇಡೀ ಸರ್ವೀಸಿನಲ್ಲಿ ಕಂಡಿರಲಿಲ್ಲ. ತಾವೇ ಕೊಡ ಹೊತ್ತು ತಂದು ಎಂಜಿನ್ನಿಗೂ, ಹನುಮಂತಯ್ಯ ಅದಕ್ಕೂ ಬೇಕೆಂದಾಗ ಎಡಗಡೆಯ ಡಬ್ಬಕ್ಕೂ, ಕಂಠಮಟ್ಟ ನೀರು ತುಂಬಿಸಿದರು. ಎಂಜಿನ್ನು ಆರುವವರೆಗೆ ಅರ್ಧ ಗಂಟೆ ಕಾಯಬೇಕಾಯಿತು. ಅಷ್ಟರಲ್ಲಿ ಮಲ್ಲತ್ತಹಳ್ಳಿಯ ಕಡೆಗೆ ಸೈಕಲ್ಲಿನಲ್ಲಿ ಹೊರಟಿದ್ದ ಟಪಾಲಿನವನನ್ನು ಪದ್ಮನಾಭಯ್ಯ ಮರೆಗೆ ಕರೆದು, "ಮದುವೆ ಮನೆಯೋರಿಗೆ ಮುಂಚೆ ತಿಳಿಸಪ್ಪ. ಒಂದೇ ಸಲ ಕಂಡರೆ ಹೆಂಗಸರು ತಡಕೊಳ್ಳಲ್ಲ" ಎಂದರು. ಸರಕಾರಿ ನೌಕರರಲ್ಲಿ ಕರುಣೆ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಮಲ್ಲತ್ತಹಳ್ಳಿಯ ಚಪ್ಪರದಲ್ಲಿ ವಾಲಗ ನಡೆಯುತ್ತಿತ್ತು. ಟಪಾಲಿನವನು ಸೈಕಲ್ಲು ಕಂಬಕ್ಕೆ ಒರಗಿಸಿ ಪಟೇಲ ಕೆಂಪಯ್ಯನವರ ಕಿವಿಯಲ್ಲಿ ಹೇಳಿದ. ಕೆಂಪಯ್ಯ ಕೈಯೆತ್ತಿದರು. ವಾಲಗ ಒಂದು ಸ್ವರದ ನಡುವೆ ನಿಂತಿತು.

"ಲಗ್ಗೆರೆ ದೊಡ್ಡಣ್ಣ ಹೋಗ್ಬಿಟ್ಟರಂತೆ. ಐಸಿನಲ್ಲಿಟ್ಟು ತರ್ತಾ ಇದಾನೆ ಹನುಮಂತಯ್ಯ. ಗೇಟಿನ ಗುಮಾಸ್ತರು ಕಣ್ಣಾರೆ ನೋಡಿದಾರೆ. ಹೆಬ್ಬೆರಳೂ ಕಟ್ಟಿದೆಯಂತೆ."

ಹೆಬ್ಬೆರಳು ಕಟ್ಟಿದೆ ಎಂದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

ನರಸಮ್ಮ ಕಂಬ ಹಿಡಿದು ಕುಸಿದರು. "ಹದಿನಾಲ್ಕು ವರ್ಷ ಬರ್ಲಿಲ್ಲ ನಮ್ಮಣ್ಣ. ಬರೋ ದಿನ ಹೀಗಾ ಬರೋದು? ಇದೂ ಒಂದು ಹಠವಾ?"

ಬೀಗರು ಅಂಜಿನಯ್ಯ ದುಃಖದವರ ಎದುರು ಕೇಳಬಾರದೆಂದು ಪುರೋಹಿತ ಕೃಷ್ಣಯ್ಯನವರನ್ನು ಪಕ್ಕಕ್ಕೆ ಕರೆದರು. "ಹೆಣ್ಣಿಗೆ ಸೂತಕ ಎಷ್ಟು ದಿನ ಸ್ವಾಮಿ?"

"ಸೋದರಮಾವನದು ಮೂರು ದಿನ."

"ಮುಂದಿನ ಮುಹೂರ್ತ?"

ಕೃಷ್ಣಯ್ಯ ಪಂಚಾಂಗ ತಿರುವಿದರು. "ಗಂಡಿನ ನಕ್ಷತ್ರಕ್ಕೆ ಕೂಡೋದು ಅಂದ್ರೆ ಶ್ರಾವಣ."

"ಶ್ರಾವಣದವರೆಗೆ ಯಾರು ಇರ್ತಾರೋ ಯಾರು ಇರಲ್ವೋ. ಶಕುನವೇ ಸರಿ ಬರ್ಲಿಲ್ಲ ಅಂತ ಕಾಣುತ್ತೆ" ಎಂದು ಅಂಜಿನಯ್ಯ, ತಮಗೆ ತಾವೇ ಹೇಳಿಕೊಂಡ ಹಾಗೆ, ಎತ್ತುಗಳ ಕಡೆ ಕಣ್ಣು ಹಾಕಿದರು. ಕೆಂಗೇರಿಯವರ ಗಾಡಿಗಳಲ್ಲಿ ಒಂದಕ್ಕೆ ಆಗಲೇ ನೊಗ ಏರಿತ್ತು. ಬಾಸಿಂಗ ಕಟ್ಟದ ಹಣೆಯಲ್ಲಿ ಒಳಮನೆಯ ಬಾಗಿಲಿಗೆ ಬಂದು ನಿಂತಿದ್ದ ಪುಟ್ಟಲಕ್ಷ್ಮಿ ಅದನ್ನು ನೋಡಿದಳು. ಮತ್ತೆ ಒಳಗೆ ಹೋದಳು.

"ಹೆಣ ಕಣ್ಣಿಗೆ ಬೀಳೋವರೆಗೆ ಸೂತಕ ಹಿಡಿಯಲ್ಲ. ಅಲ್ಲೀವರೆಗೆ ತಾಳಿ" ಎಂದರು ಕೃಷ್ಣಯ್ಯ. ಅವರ ದಕ್ಷಿಣೆಯೂ ಆ ತಾಳ್ಮೆಯಲ್ಲಿ ಸೇರಿತ್ತೆಂದು ಹೇಳುವುದು ನ್ಯಾಯವಲ್ಲ.

ಅಡಿಗೆಯವನು ಕೈಯಲ್ಲಿ ಬೆಲ್ಲದ ಅಚ್ಚು ಹಿಡಿದು ಬಂದ. "ಯಜಮಾನ್ರೆ, ಹೆಸರುಬೇಳೆ ಬೆಂದದೆ. ಬೆಲ್ಲ ಹಾಕಿದ್ರೆ ಪಾಯಸ. ಸಾವಿನ ಮನೆಗೆ ಸಿಹಿ ಇಲ್ಲ. ಹಾಕ್ಲಾ, ಉಪ್ಪು ಹಾಕಿ ಕೂಟು ಮಾಡ್ಲಾ?"

"ಏನೂ ಹಾಕ್ಬೇಡ. ತಿರುವುತ್ತಾ ಇರು" ಎಂದರು ಪಟೇಲರು.

ಸುತ್ತ ಏಳು ಹಳ್ಳಿಗಳಲ್ಲಿ ಯಾರು ಹೋದರೂ ಹಾಡಿ ಅಳುವುದು ಅಕ್ಕಯ್ಯಮ್ಮ. ಮದುವೆಗೆಂದು ಮೊಳಗಟ್ಟಲೆ ಹೂ ಮುಡಿದು ಬಂದಿದ್ದ ಮುದುಕಿ ಹೂ ತೆಗೆದು ಪಕ್ಕದವಳ ಮಡಿಲಿಗೆ ಹಾಕಿ, ಕೂದಲು ಬಿಚ್ಚಿಕೊಂಡು, ಗಂಟಲು ಸರಿಮಾಡಿಕೊಂಡರು.

ಕಾರು ಊರ ಬಾಗಿಲಿಗೆ ಬಂದಾಗ ಇಡೀ ಊರು ದಾರಿಯ ಎರಡೂ ಕಡೆ ಸದ್ದಿಲ್ಲದೆ ನಿಂತಿತ್ತು. ಗಂಡಸರು ರುಮಾಲು ತೆಗೆದಿದ್ದರು. ಹನುಮಂತಯ್ಯನವರ ಎದೆ ತುಂಬಿ ಬಂತು. ಹದಿನಾಲ್ಕು ವರ್ಷದ ಮೇಲೆ ಬರುವ ಭಾವನಿಗೆ ಊರು ಇಷ್ಟು ಮರ್ಯಾದೆ ತೋರುತ್ತದೆಂದು ಅವರು ಎಣಿಸಿರಲಿಲ್ಲ. ಚಪ್ಪರದ ಮುಂದೆ ಕಾರು ನಿಲ್ಲಿಸಿ, ಭಾವನಿಗೆ ಎಚ್ಚರವಾಗದ ಹಾಗೆ ಮೆಲ್ಲನೆ ಇಳಿದರು.

ಪಟೇಲ ಕೆಂಪಯ್ಯ ಅವರ ಭುಜ ಹಿಡಿದರು. "ನೋವು ಗೀವು ಪಡ್ಲಿಲ್ಲ ತಾನೇ?"

"ಏನಿಲ್ಲ. ಐಸ್ ಇಟ್ಟ ಮೇಲೆ ತಣ್ಣಗಿದಾರೆ. ದಾರಿಯುದ್ದಕ್ಕೂ ಒಂದು ಮಾತು ಆಡ್ಲಿಲ್ಲ."

"ಆಡ್ತಿದ್ರೆ ಒಂದು ಮಾತು ನಾನೇ ಕೇಳ್ಬೇಕಾಗಿತ್ತು ಹನುಮಂತಯ್ಯ" ಎಂದು ಪಟೇಲರು ವಲ್ಲಿಯಿಂದ ಕಣ್ಣೊರೆಸಿಕೊಂಡರು.

ಆಗ ಅಕ್ಕಯ್ಯಮ್ಮ ಕಾರಿನ ಬಾನೆಟ್ಟಿನ ಮೇಲೆ ಕೈ ಬಡಿದು ಶುರು ಮಾಡಿದರು.

"ಲಗ್ಗೆರೆ ತೋಪಿನ ಹೆಮ್ಮರವೇ, ನೆರಳೆಲ್ಲಿ ಹೋಯ್ತಪ್ಪ. ಜೋಡೆತ್ತಿನ ಗಾಡೀಲಿ ಬರ್ತಿದ್ದ ಧಣಿಯೇ, ತಗಡಿನ ಪೆಟ್ಟಿಗೇಲಿ ಬಂದ್ಯೇನಪ್ಪ. ಬಂದೋರಿಗೆ ಉಣ್ಣಾಕಿಕ್ಕಿದ ಕೈಯೇ, ಎಂಜಲು ಕೈಲಿ ಕಾಗೆ ಓಡಿಸದ ಕೈಯೇ."

ಕೊನೆಯ ಮಾತು ಹೊಗಳಿಕೆಯೋ ಅಲ್ಲವೋ ಎಂದು ಒಳಗೆ ಯೋಚಿಸುತ್ತಿದ್ದವರು ಒಬ್ಬರಿದ್ದರು. ದೊಡ್ಡಣ್ಣನವರಿಗೆ ಬಾನೆಟ್ಟಿನ ಮೊದಲ ಬಡಿತಕ್ಕೇ ಎಚ್ಚರವಾಗಿತ್ತು. ವಲ್ಲಿಯ ಕೆಳಗೆ ಕಣ್ಣು ಬಿಟ್ಟುಕೊಂಡು ಅವರು ಕೇಳುತ್ತಿದ್ದರು. ಸತ್ತವರು ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಎದ್ದು ಕೂರಬೇಕೆನಿಸಿತು. ಆದರೆ ಮನುಷ್ಯ ತನ್ನ ಬಗ್ಗೆ ಇಂಥ ಮಾತು ಬದುಕಿನಲ್ಲಿ ಎಷ್ಟು ಸಲ ಕೇಳುತ್ತಾನೆ? ಅವರು ಅಲುಗಾಡಲಿಲ್ಲ.

ಹನುಮಂತಯ್ಯ ಈಗ ಅಕ್ಕಯ್ಯಮ್ಮನ ಬಿಚ್ಚಿದ ಕೂದಲು, ನಿಂತ ವಾಲಗ, ಹೂಡಿದ ಗಾಡಿ ಮೂರನ್ನೂ ಒಂದೊಂದಾಗಿ ನೋಡಿದರು. ಅವರಿಗೆ ಅರ್ಥವಾಯಿತು. ಬಾಯಿ ತೆರೆದರು. "ಅಲ್ಲ, ಭಾವ ಮಲಗಿ..." ಎಂದರು.

"ಮಲಗಲಿ ಬಿಡಪ್ಪ. ಎಲ್ಲರೂ ಒಂದು ದಿನ ಮಲಗೋರೇ" ಎಂದು ಯಾರೋ ಅವರನ್ನು ಹಿಂದಕ್ಕೆ ಎಳೆದು ಸಮಾಧಾನ ಮಾಡಿದರು. ಅವರು ಮತ್ತೆ ಹೇಳಲು ಹೋದಾಗಲೆಲ್ಲ ಒಬ್ಬೊಬ್ಬರು ಬಂದು ತಬ್ಬಿಕೊಂಡು ಅತ್ತರು.

ಅಷ್ಟರಲ್ಲಿ ಪಟೇಲ ಕೆಂಪಯ್ಯ ಚಪ್ಪರದಿಂದ ತಾಂಬೂಲದ ತಟ್ಟೆ ತಂದರು. ಕಾರಿನ ಎಡಗಡೆ, ಡಬ್ಬದ ಬಾಯಿಗೆ ಸರಿಯಾಗಿ ನಿಂತು, ತಗ್ಗಿದ ದನಿಯಲ್ಲಿ ಮಾತಾಡಿದರು.

"ದೊಡ್ಡಣ್ಣ, ಹದಿನಾಲ್ಕು ವರ್ಷದಿಂದ ಇದು ನನ್ನ ಎದೇಲಿದೆ. ಆವತ್ತು ಹನುಮಂತಯ್ಯ ತಿಳೀದೆ ಕೊಟ್ಟ. ನಾನು ತಿಳಿದೂ ತಗೊಂಡೆ. ಪಟೇಲ ಅನ್ನೋ ಜಂಭ. ಮೊದಲ ವೀಳ್ಯ ನಿಂದು ಕಣಪ್ಪ. ಇವತ್ತಾದ್ರೂ ತಗೋ."

ಕಾರಿನೊಳಗೆ ಎರಡು ಹೆಬ್ಬೆರಳು ಬಿಗಿದುಕೊಂಡವು. ಇಪ್ಪತ್ತು ವರ್ಷ ಏತ ತುಳಿದ ಕಾಲು ತಾನಾಗಿಯೇ ಚಾಚಿತು. ಹನುಮಂತಯ್ಯನವರು ರಿಪೇರಿ ಮಾಡಿದ ಮಿಷನ್ನು ಮೊಟ್ಟಮೊದಲ ಬಾರಿಗೆ ಪೂರ್ತಿ ನಡೆಯಿತು. ಸುಂಕದ ಗೇಟಿನ ನೀರಷ್ಟೂ, ಲಾವಂಚದ ಘಮಲಿನ ಸಮೇತ, ಪಟೇಲರ ಮುಖಕ್ಕೂ, ಅಕ್ಕಯ್ಯಮ್ಮನ ಬಿಚ್ಚಿದ ಕೂದಲಿಗೂ, ಸೂತಕ ಹಿಡಿಯಿತೋ ಇಲ್ಲವೋ ನೋಡೋಣ ಎಂದು ಹತ್ತಿರ ಬಂದಿದ್ದ ಕೃಷ್ಣಯ್ಯನವರ ಪಂಚಾಂಗಕ್ಕೂ ಎರಚಿತು.

ಜನ ಹತ್ತು ಮಾರು ಹಿಂದೆ ಸರಿದರು. ಬಲಗಡೆಯ ಗಾಜು ಮೆಲ್ಲನೆ ಕೆಳಗಿಳಿಯಿತು. ಅದರಿಂದ ಒಂದು ಬಲಗೈ ಹೊರಗೆ ಬಂದು, ಅಂಗೈ ಮೇಲಾಗಿ ಬಿಚ್ಚಿಕೊಂಡಿತು.

"ಈ ಕಡೆ ಬಂದು ಕೊಡಯ್ಯ ಪಟೇಲ" ಎಂದಿತು ಒಳಗಿನ ದನಿ. "ಆ ಕಡೆ ಕಿಟಕಿ ನಮ್ಮ ಹನುಮಂತಯ್ಯ ರಿಪೇರಿ ಮಾಡಿಬಿಟ್ಟಿದಾನೆ."

ಕೆಂಪಯ್ಯ ನೀರು ತೊಟ್ಟಿಕ್ಕಿಸುತ್ತ ಕಾರು ಸುತ್ತಿ ಬಂದು, ಎರಡೂ ಕೈಯಿಂದ ವೀಳ್ಯ ಕೊಟ್ಟರು. ದೊಡ್ಡಣ್ಣ ಅದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಅಕ್ಕಯ್ಯಮ್ಮನ ಕಡೆ ತಿರುಗಿ, "ಕಾಗೆ ಮಾತು ಯಾಕೆ ತಂದೆ ಅಕ್ಕಯ್ಯಮ್ಮ? ಮುಂಚಿನದೆಲ್ಲ ಚೆನ್ನಾಗಿತ್ತು" ಎಂದರು.

"ಪ್ರಾಸಕ್ಕೆ ಬಂತಪ್ಪ. ನೀನು ನಿಜವಾಗ್ಲೂ ಹೋದಾಗ ತೆಗೀತೀನಿ" ಎಂದು ಅಕ್ಕಯ್ಯಮ್ಮ ಪಕ್ಕದವಳ ಮಡಿಲಿಂದ ಹೂ ವಾಪಸ್ ತೆಗೆದುಕೊಂಡರು.

ಮುಹೂರ್ತಕ್ಕೆ ಇನ್ನು ಕಾಲು ಗಂಟೆ ಇತ್ತು. ಅಂಜಿನಯ್ಯ ನೊಗದ ಹತ್ತಿರವೇ ನಿಂತು ಕೇಳಿದರು: "ಅಳು ಆಗಿಹೋಯ್ತಲ್ಲ ಸ್ವಾಮಿ. ಇದಕ್ಕೆ ಶಾಸ್ತ್ರ ಏನು ಹೇಳುತ್ತೆ?"

ಕೃಷ್ಣಯ್ಯ ಪಂಚಾಂಗ ಕೊಡವಿದರು. "ಅತ್ತವರು ತಲೆಗೆ ನೀರು ಹಾಕ್ಕೋಬೇಕು. ಹಾಕ್ಕೊಂಡಾಯ್ತು. ಗಂಡನ್ನ ಕೂರಿಸಿ."

ದೊಡ್ಡಣ್ಣ ಇಳಿಯಲು ಹೋಗಿ ಮತ್ತೆ ಸೀಟಿಗೆ ಬಿದ್ದರು. ನೆಂದ ಸೆಣಬಿನ ಗಂಟು ಉಬ್ಬಿ ಕಲ್ಲಾಗಿತ್ತು. ಹನುಮಂತಯ್ಯ ಬಿಚ್ಚಲು ಕೂತು, "ಒಂದು ನಿಮಿಷ ಭಾವ, ಇದಕ್ಕೊಂದು ಉಪಾಯ ಇದೆ" ಎಂದದ್ದೇ ತಡ, ನರಸಮ್ಮ ಅವರ ರಟ್ಟೆ ಹಿಡಿದು ಎಬ್ಬಿಸಿದರು.

"ನೀವು ಮುಟ್ಟಬೇಡಿ. ಮುಹೂರ್ತ ಇರೋದು ಇವತ್ತೇ."

ಕೊನೆಗೆ ಪಟೇಲ ಕೆಂಪಯ್ಯನವರೇ ಮಂಡಿಯೂರಿ ಕೂತು, ತಾಂಬೂಲದ ತಟ್ಟೆಯ ಅಡಕತ್ತರಿಯಿಂದ ಆ ಹುರಿ ಕತ್ತರಿಸಿದರು. ದೊಡ್ಡಣ್ಣ ಅವಸರ ಮಾಡಲಿಲ್ಲ. ಪಟೇಲರು ತಮ್ಮ ಕಾಲ ಬುಡದಲ್ಲಿ ಎಷ್ಟು ಹೊತ್ತು ಬೇಕಾದರೂ ಇರಲಿ ಎಂಬಂತೆ ಆಕಾಶ ನೋಡುತ್ತಿದ್ದರು. ವಾಲಗ ನಿಂತ ಸ್ವರದಿಂದಲೇ ಮತ್ತೆ ಎದ್ದಿತು. ಅಡಿಗೆಮನೆಯ ಬಾಗಿಲಲ್ಲಿ ಇನ್ನೂ ಬೆಲ್ಲ ಹಿಡಿದು ನಿಂತವನಿಗೆ ನರಸಮ್ಮ ತಲೆಯಾಡಿಸಿದರು. ಹೆಬ್ಬೆರಳಿನಲ್ಲಿ ಹುರಿಯ ಗುರುತು ಕೆಂಪಗಿದ್ದ ಕಾಲುಗಳಲ್ಲಿ ದೊಡ್ಡಣ್ಣ ಒಳಮನೆಗೆ ಹೋಗಿ, ಸೋದರಸೊಸೆಯ ಹಣೆಗೆ ಬಾಸಿಂಗ ಕಟ್ಟಿ, ಎಡಗಿವಿಯನ್ನು ಒಂದು ಕ್ಷಣ ಹಿಡಿದು ನೋಡಿ, ಕೈಹಿಡಿದು ಹಸೆಗೆ ಕರೆತಂದರು.

ಮಾರನೆಯ ದಿನ ದೊಡ್ಡಣ್ಣನವರನ್ನು ಲಗ್ಗೆರೆಗೆ ಬಿಡಲು ಕಾರು ಹೊರಟಿತು. ಈ ಸಲ ಐಸಿರಲಿಲ್ಲ. ಗಾಜುಗಳೆಲ್ಲ ಇಳಿದಿದ್ದವು, ಡಬ್ಬ ಹಿತ್ತಲಲ್ಲಿತ್ತು. ಸುಂಕದ ಗೇಟಿನಲ್ಲಿ ಪದ್ಮನಾಭಯ್ಯ ಕಾರಿನ ಗುರುತು ಹಿಡಿದು, ಟೋಪಿ ತೆಗೆದು, ದುಃಖ ಕೇಳಲೆಂದು ಹತ್ತಿರ ಬಂದರು. ಹಿಂದಿನ ಸೀಟಿನಲ್ಲಿ ಬೆವರು ಸುರಿಸುತ್ತ, ಎಲೆಯಡಿಕೆ ಜಗಿಯುತ್ತ ಕೂತಿದ್ದವರನ್ನು ನೋಡಿ ಟೋಪಿ ಕೈಯಲ್ಲೇ ಉಳಿಯಿತು.

"ನ್... ನಿನ್ನೆ ಈ ಕಾರಲ್ಲಿ ಹೋದೋರು..."

"ನಾನೇ" ಎಂದರು ದೊಡ್ಡಣ್ಣ. "ಬೀಗರು ನೋಡಿ ಆಯ್ತು, ವಾಪಸ್ ಹೋಗ್ತಾ ಇದೀನಿ. ಪೇಟೆ ಒಳಗೆ ಬರೋ ಸಾಮಾನಿಗೆ ಸುಂಕ ಅಂತಾರಲ್ಲ, ಈ ಹೆಣಕ್ಕೆಷ್ಟು ನೋಡಿ ಸ್ವಾಮಿ."